ಮಲ್ಲೇಶ್ವರಿ ಕಟ್ಟಿದ ಪರದೆ

ರಾಯಚೂರಿನಲ್ಲಿ ಯಾರಾದರೂ ಮನೆಯೊಳಗೆ ಸಿನೆಮಾ ಪರದೆ ಕಟ್ಟಿಸಬೇಕೆಂದರೆ ಎಲೆಕ್ಟ್ರಾನಿಕ್ಸ್ ಅಂಗಡಿಯವರು ಮಲ್ಲೇಶ್ವರಿಯ ನಂಬರು ಬರೆದುಕೊಡುತ್ತಾರೆ. ಹೆಣ್ಣುಮಗಳು ಎಂದು ತಿಳಿದು ಕೆಲವರು ಒಂದು ಗಳಿಗೆ ಅನುಮಾನಿಸುತ್ತಾರೆ, ಆಮೇಲೆ ಫೋನು ಮಾಡುತ್ತಾರೆ. ಅವಳು ಬಂದು ಏಣಿ ಹತ್ತಿ, ಡ್ರಿಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಚಾವಣಿಗೆ ಒತ್ತಿ ನಿಂತರೆ ಮನೆಯವರ ಅನುಮಾನ ಅಲ್ಲಿಗೆ ಮುಗಿಯುತ್ತದೆ.

ಮಸರಕಲ್ ಅವಳ ಊರು. ಅಪ್ಪ ಅವ್ವ ಹತ್ತಿ ಬಿಡಿಸಲು ಹೋಗುತ್ತಿದ್ದ ಕಾಲದಲ್ಲಿ ಅವಳು ರಾಯಚೂರಿನ ಹಾಸ್ಟೆಲಿನಲ್ಲಿದ್ದು ಐಟಿಐ ಮುಗಿಸಿದಳು. ಕ್ಲಾಸಿನಲ್ಲಿ ಇದ್ದದ್ದು ಇಬ್ಬರೇ ಹುಡುಗಿಯರು. ಕೆಲವು ವರ್ಷ ಒಂದು ಸಿಸಿಟಿವಿ ಕ್ಯಾಮೆರಾ ಅಂಗಡಿಯಲ್ಲಿ ವೈರು ಎಳೆದಳು, ಆಮೇಲೆ ಶಾಲೆಗಳ ಗೋಡೆಗೆ ಪ್ರೊಜೆಕ್ಟರ್ ಕೂಡಿಸುವ ಕೆಲಸ ಹಿಡಿದಳು. ಎಪ್ಪತ್ತೋ ಎಂಬತ್ತೋ ಶಾಲೆ ಸುತ್ತಿದ ಮೇಲೆ ಕೋಣೆಯ ಬಾಗಿಲಲ್ಲಿ ನಿಂತೇ ಅದರ ಉದ್ದ ಅಗಲ ಹೇಳುವಷ್ಟು ಕಣ್ಣು ಪಳಗಿತು. ಗಂಡ ಮೌನೇಶ ಬಸ್ ಕಂಡಕ್ಟರ್. ಎಂಟು ಅಡಿಯ ಪರದೆ ಸುತ್ತಿದ ಕೊಳವೆಯನ್ನು ಬಸ್ಸಿನ ಸೀಟುಗಳ ಕೆಳಗೆ ಉದ್ದಕ್ಕೆ ಮಲಗಿಸಿ ಒಯ್ಯಬಹುದು ಎಂದು ಕಂಡುಹಿಡಿದವನು ಅವನೇ.

ಅವಳ ಮೊದಲ ಹೋಮ್ ಥಿಯೇಟರ್ ಮಾನ್ವಿಯ ಜಂಬಣ್ಣನದು. ಅಕ್ಕಿ ಗಿರಣಿಯ ಮಾಲೀಕ, ಏನು ಮಾಡಿದರೂ ದೊಡ್ಡದಾಗಿ ಮಾಡುವ ಮನುಷ್ಯ. ಗೋಡೆ ತುಂಬ ಪರದೆ ಬೇಕೆಂದು ಹಟ ಹಿಡಿದಿದ್ದ. ಮಲ್ಲೇಶ್ವರಿ ಎದುರು ಮಾತಾಡಲಿಲ್ಲ. ಅಷ್ಟೇ ಅಳತೆಗೆ ಎರಡು ಬಿಳಿ ಹಾಸಿಗೆ ಬಟ್ಟೆ ಹೊಲಿಸಿ ಗೋಡೆಗೆ ಬಿಗಿದು, ಸೋಫಾದಲ್ಲಿ ಅವನನ್ನು ಕೂಡಿಸಿ, ಅರ್ಧ ಗಂಟೆ ಕ್ರಿಕೆಟ್ ಹಾಕಿದಳು. ಚೆಂಡಿನ ಹಿಂದೆ ಕತ್ತು ತಿರುಗಿಸಿ ತಿರುಗಿಸಿ ಜಂಬಣ್ಣ ಕಡೆಗೆ ಹೆಗಲು ತಿಕ್ಕಿಕೊಂಡ.

"ಎಷ್ಟು ಕಡಿಮಿ ಮಾಡಬೇಕಂತಿ?" ಎಂದು ಕೇಳಿದ.

"ನಿಮ್ಮ ಕತ್ತು ಎಷ್ಟು ಹೇಳ್ತದೋ ಅಷ್ಟ್ರಿ."

ಆ ಜಂಬಣ್ಣನ ಅಕ್ಕಿ ಚೀಲಗಳಿಗೆ ಚಿತ್ರ ಬರೆದುಕೊಡುವವನು ದೇವದುರ್ಗದ ಶೇಖರ. ಬ್ಯಾನರ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಅವನ ಕೆಲಸ. ಜಂಬಣ್ಣನಿಂದ ನಂಬರು ಪಡೆದು ಅವನು ಮಲ್ಲೇಶ್ವರಿಗೆ ಒಂದು ಮೆಸೇಜು ಕಳಿಸಿದ: ಮನೆಗೆ ಪ್ರೊಜೆಕ್ಟರ್ ಮತ್ತು ಪರದೆ ಬೇಕು, ಸ್ಪೀಕರ್ ಬೇಡ. ಅವಳು ತಕ್ಷಣ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು, ಅತ್ತ ಕಡೆಯಿಂದ ಕಟ್ಟಾಯಿತು. ಇದೆಂಥ ಗಿರಾಕಿ ಎಂದು ಅವಳು ಮುಖ ಗಂಟಿಕ್ಕುವಷ್ಟರಲ್ಲಿ ಎರಡನೆಯ ಮೆಸೇಜು ಬಂತು. "ಅಕ್ಕ, ನನಗೆ ಕಿವಿ ಕೇಳುವುದಿಲ್ಲ. ನನ್ನ ಹೆಂಡತಿಗೂ ಕೇಳುವುದಿಲ್ಲ. ದಯವಿಟ್ಟು ಬರೆಯಿರಿ."

ಮಲ್ಲೇಶ್ವರಿಗೆ ಸ್ವಲ್ಪ ನಾಚಿಕೆಯಾಯಿತು. ಬುಧವಾರ ಬರುತ್ತೇನೆಂದು ಬರೆದಳು.

ಶೇಖರನ ಮನೆ ಮಣ್ಣಿನ ಚಾವಣಿಯ ಹಳೆಯ ಮಾಳಿಗೆ ಮನೆ. ಕಲ್ಲಿನ ಗೋಡೆ, ಬೇವಿನ ಕಂಬಗಳು, ಅವುಗಳ ಮೇಲೆ ದಪ್ಪ ತೊಲೆ. ಅವನ ತಾಯಿ ವೀರಭದ್ರಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಮನೆಯಲ್ಲಿ ಕಿವಿ ಕೇಳುವವಳು ಅವಳೊಬ್ಬಳೇ. ಮಗನ ಬೆರಳುಗಳನ್ನು ಓದಿ ಬಾಯಲ್ಲಿ ಹೇಳುವುದು, ಬಂದವರ ಮಾತನ್ನು ಕೈಯಲ್ಲಿ ಮಗನಿಗೆ ಮುಟ್ಟಿಸುವುದು ಅವಳಿಗೆ ಉಸಿರಾಡಿದಷ್ಟು ಸಲೀಸಾಗಿತ್ತು.

"ಐತಾರ ಐತಾರ ಇವರ ಗೆಳ್ಯಾರು ಬರ್ತಾರವ್ವಾ," ಎಂದಳು. "ಮಾನ್ವಿಯಿಂದ ಇಬ್ಬರು, ಜಾಲಹಳ್ಳಿಯಿಂದ ಮಿನಾಜ್ ಅಂತ ಟೇಲರ್ ಹುಡುಗಿ, ಊರಾಗಿನವರು ನಾಕೈದು ಮಂದಿ. ಟೀವಿಯಾಗ ಕೆಳಗ ಅಕ್ಷರ ಬರ್ತಾವಲ್ಲ, ಅವನ್ನ ಓದಿ ಸಿನೆಮಾ ನೋಡ್ತಾರ. ಹಿಂದ ಕೂತವರಿಗೆ ಅಕ್ಷರ ಕಾಣಂಗಿಲ್ಲ. ಮುಂದ ಕೂಡೋ ಸಲುವಾಗಿ ಜಗಳ."

ಶೇಖರ ನಗುತ್ತ ತಲೆಯಾಡಿಸಿದ. ತಾಯಿ ಏನು ಹೇಳುತ್ತಿದ್ದಾಳೆಂದು ಅವಳ ತುಟಿ ನೋಡಿಯೇ ಅವನಿಗೆ ಗೊತ್ತಾಗಿತ್ತು.

ಕೆಲಸ ಸರಳವೆಂದೇ ಮಲ್ಲೇಶ್ವರಿಗೆ ಅನ್ನಿಸಿತು. ಅಳತೆ ತೆಗೆದುಕೊಂಡು ಹೋಗಿ, ಮುಂದಿನ ವಾರ ಸಾಮಾನಿನೊಂದಿಗೆ ಬಂದಳು. ಮಣ್ಣಿನ ಮಾಳಿಗೆಗೆ ಮೊಳೆ ನಿಲ್ಲುವುದಿಲ್ಲ, ಹಾಗಾಗಿ ಪ್ರೊಜೆಕ್ಟರನ್ನು ತೊಲೆಗೆ ಕಬ್ಬಿಣದ ಪಟ್ಟಿಯಿಂದ ಬಿಗಿದಳು. ಎದುರು ಗೋಡೆಗೆ ಬಿಳಿ ಪರದೆ. ಪಡುವಣ ಕಿಟಕಿಗೆ ದಪ್ಪ ಕರಿ ಬಟ್ಟೆ. ಬಾಗಿಲ ಸಂದಿಯಲ್ಲಿ ಬರುವ ಬಿಸಿಲಿಗೂ ಪಟ್ಟಿ ಅಂಟಿಸಿದಳು. ಕತ್ತಲೆಯ ವಿಷಯದಲ್ಲಿ ಅವಳು ಬಹಳ ಕಟ್ಟುನಿಟ್ಟು. ಕೋಣೆ ಎಷ್ಟು ಕಪ್ಪಾದರೆ ಚಿತ್ರ ಅಷ್ಟು ಗಟ್ಟಿ ಎಂಬುದು ಅವಳ ಕಸುಬಿನ ಮೊದಲ ಪಾಠ.

ಎಲ್ಲ ಮುಗಿಸಿ, ದೀಪ ಆರಿಸಿ, ಒಂದು ಸಿನೆಮಾ ಹಚ್ಚಿದಳು. ಅಕ್ಷರಗಳು ಗೇಣುದ್ದ ಎದ್ದು ನಿಂತವು. ಶೇಖರ ಎರಡೂ ಕೈ ಎತ್ತಿ ಗಾಳಿಯಲ್ಲಿ ಅಲ್ಲಾಡಿಸಿದ. ಅದು ಅವರ ಚಪ್ಪಾಳೆ. ಎರಡು ನಿಮಿಷ ಆಗಿರಲಿಲ್ಲ, ಅವನ ಹೆಂಡತಿ ಕಾವ್ಯಾ ಎದ್ದು ಹೋಗಿ ದೀಪ ಹಚ್ಚಿದಳು. ಚಿತ್ರ ತೊಳೆದುಹೋದಂತೆ ಮಸುಕಾಯಿತು. ಮಲ್ಲೇಶ್ವರಿ ದೀಪ ಆರಿಸಿದಳು. ಕಾವ್ಯಾ ಮತ್ತೆ ಹಚ್ಚಿದಳು.

"ಲೈಟ್ ಹಚ್ಚಿದ್ರ ಚಿತ್ರ ಕಾಣಂಗಿಲ್ರಿ, ಅವರಿಗೆ ಹೇಳ್ರಿ," ಎಂದಳು ಮಲ್ಲೇಶ್ವರಿ, ವೀರಭದ್ರಮ್ಮನ ಕಡೆ ತಿರುಗಿ.

ಕಾವ್ಯಾಳ ಕೈಗಳು ಸರಸರನೆ ಓಡಿದವು. ವೀರಭದ್ರಮ್ಮ ಅದನ್ನು ನೋಡಿ ಹೇಳಿದಳು: "ಕತ್ತಲಾದ್ರ ನಾವು ಹ್ಯಾಂಗ ಮಾತಾಡಬೇಕು ಅಂತ ಕೇಳಾಕತ್ತಾಳ."

"ಸಿನೆಮಾ ನಡ್ಯೋವಾಗ ಮಾತಾಡ್ತಾರೇನ್ರಿ?"

"ನೀವು ಮಾತಾಡಂಗಿಲ್ಲೇನವ್ವಾ?"

ಮಲ್ಲೇಶ್ವರಿ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಅವಳ ಮನೆಯಲ್ಲಿ ಮೌನೇಶ ಸಿನೆಮಾದ ಮೊದಲಿಂದ ಕೊನೆಯವರೆಗೆ ಮಾತಾಡುತ್ತಲೇ ಇರುತ್ತಾನೆ. ಇವನು ಸಾಯ್ತಾನೆ ನೋಡು, ಇವಳು ಸುಳ್ಳು ಹೇಳ್ತಾಳೆ ನೋಡು. ಅದಿಲ್ಲದೆ ಅವಳಿಗೂ ರುಚಿಸುವುದಿಲ್ಲ. ಹತ್ತು ಮಂದಿಯನ್ನು ಕರೆದು ಕೂಡಿಸಿ, ಅವರೆಲ್ಲರ ಬಾಯಿಗೆ ಬಟ್ಟೆ ಕಟ್ಟಿದಂಥ ಕೋಣೆಯನ್ನು ತಾನು ಮಾಡಿಟ್ಟಿದ್ದೆ ಎಂದು ಅವಳಿಗೆ ಆಗ ಹೊಳೆಯಿತು. ಇಷ್ಟು ವರ್ಷದ ಕಸುಬಿನಲ್ಲಿ ಯಾರೂ ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ.

ಅವಳು ಶೇಖರನ ಫೋನು ತೆಗೆದುಕೊಂಡು ಬರೆದಳು: "ಹತ್ತು ದಿನ ಕೊಡು. ಇದು ಸರಿಯಿಲ್ಲ."

ಬಿಳಿ ಪರದೆಯನ್ನು ಬಿಚ್ಚಿ ವಾಪಸು ಒಯ್ದಳು. ಅದರ ಬದಲು ಬೂದು ಬಣ್ಣದ ಪರದೆ ತರಿಸಿದಳು. ಕೋಣೆಯಲ್ಲಿ ಒಂದಿಷ್ಟು ಬೆಳಕಿದ್ದರೂ ಅದರ ಮೇಲೆ ಕಪ್ಪು ಕಪ್ಪಾಗಿಯೇ ಕಾಣುತ್ತದೆ. ನೀರಿನ ಪೈಪಿನ ಗೇಣುದ್ದ ತುಂಡುಗಳೊಳಗೆ ಸಣ್ಣ ದೀಪ ಕೂಡಿಸಿ, ಬೆಳಕು ಅತ್ತಿತ್ತ ಹರಡದೆ ನೇರ ಕೆಳಗೆ ಬೀಳುವಂತೆ ಮಾಡಿದಳು. ಮನೆಯಲ್ಲಿ ರಾತ್ರಿಯೂಟದ ಹೊತ್ತಿಗೆ ಅದನ್ನು ತಟ್ಟೆಯ ಮೇಲೆ ಹಿಡಿದು ನೋಡಿದಾಗ ಮೌನೇಶ, "ಅನ್ನಕ್ಕೂ ಸಿನೆಮಾ ತೋರಿಸ್ತೀಯೇನು?" ಎಂದ.

ಮತ್ತೆ ದೇವದುರ್ಗಕ್ಕೆ ಹೋದಾಗ ಕುರ್ಚಿಗಳನ್ನು ಸಾಲಾಗಿ ಹಾಕಹೊರಟಳು. ಕಾವ್ಯಾ ಬಂದು ಅವನ್ನು ಅರ್ಧಚಂದ್ರದ ಹಾಗೆ ಜರುಗಿಸಿದಳು. ಒಬ್ಬರ ಕೈ ಇನ್ನೊಬ್ಬರಿಗೆ ಕಾಣಬೇಕಲ್ಲ. ಆ ಬಾಗಿನ ಪ್ರಕಾರವೇ ದೀಪಗಳನ್ನೂ ತೂಗುಹಾಕಿದ್ದಾಯಿತು. ಈ ಸಲ ಚಿತ್ರ ಹಚ್ಚಿದಾಗ ಪರದೆಯೂ ಕಂಡಿತು, ಎದೆಯ ಮುಂದಿನ ಕೈಗಳೂ ಕಂಡವು. ಕಾವ್ಯಾ ಗಂಡನಿಗೆ ಏನೋ ಹೇಳಿದಳು, ಇಬ್ಬರೂ ನಕ್ಕರು.

ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಚಹಾ ಕುಡಿಯುತ್ತ ಕೂತಾಗ ವೀರಭದ್ರಮ್ಮ ಒಂದು ಮಾತು ಹೇಳಿದಳು.

"ಇವ ಮೂರು ವರ್ಷದವ ಇದ್ದಾಗ ಬಾಜೂ ಮನ್ಯಾಗ ಹಿಟ್ಟಿನ ಗಿರಣಿ ಇತ್ತು. ಅದು ಶುರು ಆದ ಕೂಡ್ಲೇ ಇವ ಓಡಿಹೋಗಿ ಗ್ವಾಡಿಗೆ ಅಂಗೈ ಹಚ್ಚಿ ನಿಂತು ನಗತಿದ್ದ. ಅದನ್ನ ನೋಡಿ ಇವಗ ಕೇಳಿಸ್ತದ ಅಂತ ನಾನು ಒಂದು ವರ್ಷ ತಿಳ್ಕೊಂಡಿದ್ದೆ."

ಮಲ್ಲೇಶ್ವರಿ ಲೋಟ ಕೆಳಗಿಟ್ಟಳು. ಜಂಬಣ್ಣ ಹೊಸದು ತೆಗೆದುಕೊಂಡಾಗ ಬಿಟ್ಟುಕೊಟ್ಟಿದ್ದ ಹಳೆಯ ವೂಫರ್ ಒಂದು ಅವಳ ಮನೆಯಲ್ಲಿ ಬಟ್ಟೆ ಮುಚ್ಚಿಕೊಂಡು ಕೂತಿತ್ತು. ಗುಡುಗಿನಂಥ ತಗ್ಗು ದನಿಯನ್ನಷ್ಟೇ ಹೊರಡಿಸುವ ಭಾರದ ಡಬ್ಬಿ ಅದು. ಶುಕ್ರವಾರ ಮೌನೇಶನ ಬಸ್ಸಿನಲ್ಲಿ ಅದೂ ದೇವದುರ್ಗಕ್ಕೆ ಬಂತು.

ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಮಂಚದ ಹಲಗೆಗಳನ್ನು ತಂದು ಶೇಖರ ಗೇಣೆತ್ತರದ ಒಂದು ಅಟ್ಟಣೆ ಹೊಡೆದ. ಅದರ ಹೊಟ್ಟೆಯೊಳಗೆ ವೂಫರನ್ನು ಬೋರಲು ಮಲಗಿಸಿ ಮಲ್ಲೇಶ್ವರಿ ವೈರು ಕೊಟ್ಟಳು. ಕುರ್ಚಿಗಳು ಅಟ್ಟಣೆಯ ಮೇಲೆ. ಚಿತ್ರದಲ್ಲಿ ಒಂದು ರೈಲು ಬರುವುದನ್ನೇ ಕಾದು ಅವಳು ದನಿ ಏರಿಸಿದಳು. ಶೇಖರ ತನ್ನ ಪಾದಗಳನ್ನು ನೋಡಿಕೊಂಡ. ಆಮೇಲೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತ. ಮುಖ ಅರಳಿತು. ಆದರೆ ಅದೇ ಹೊತ್ತಿಗೆ ಪರದೆಯ ಮೇಲಿನ ರೈಲು, ಹಳಿ, ಆಕಾಶ ಎಲ್ಲವೂ ಚಳಿಜ್ವರ ಬಂದ ಹಾಗೆ ನಡುಗತೊಡಗಿದವು.

ಅರ್ಧ ದಿನ ಕಾರಣ ಸಿಗಲಿಲ್ಲ. ಪಟ್ಟಿ ಬಿಗಿಗೊಳಿಸಿದಳು, ಬಿಚ್ಚಿ ಮತ್ತೆ ಕಟ್ಟಿದಳು, ನಡುಕ ಹೋಗಲಿಲ್ಲ. ಕಡೆಗೆ ಹಿಡಿದವನು ಶೇಖರನೇ. ಅವನು ಕಂಬಕ್ಕೆ ಅಂಗೈ ಹಚ್ಚಿ ಅವಳನ್ನು ಕರೆದು, ಅವಳ ಕೈಯನ್ನೂ ಅಲ್ಲಿಡಿಸಿದ. ಕಂಬ ಗುಂಯ್ಗುಡುತ್ತಿತ್ತು. ಅಟ್ಟಣೆಯ ಒಂದು ಮೂಲೆ ಕಂಬಕ್ಕೆ ತಾಗಿತ್ತು, ಅಲ್ಲಿಂದ ನಡುಕ ಮೇಲೇರಿ ತೊಲೆಗೆ, ತೊಲೆಯಿಂದ ಪ್ರೊಜೆಕ್ಟರಿಗೆ ಹೋಗುತ್ತಿತ್ತು. ಯಂತ್ರ ತಿಳಿದ ತನಗೆ ಕಾಣದ್ದು ಇವನ ಅಂಗೈಗೆ ತಿಳಿಯಿತಲ್ಲ ಎಂದು ಅವಳು ಮೆಚ್ಚಿಕೊಂಡಳು. ಅಟ್ಟಣೆಯನ್ನು ನಾಲ್ಕು ಬೆರಳು ಹಿಂದೆ ಎಳೆದು, ಕಾಲುಗಳ ಕೆಳಗೆ ಟೈರ್ ಟ್ಯೂಬಿನ ತುಂಡು ಮಡಚಿ ಇಟ್ಟರು. ರೈಲು ನೆಟ್ಟಗೆ ಬಂತು.

ಆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಗೆಳೆಯರೆಲ್ಲ ಕೂಡಿದರು. ಮಲ್ಲೇಶ್ವರಿ ಮೂಲೆಯ ಕುರ್ಚಿಯಲ್ಲಿ ಕೂತಳು. ಸಿನೆಮಾ ಶುರುವಾದದ್ದೇ ತಡ, ಅರ್ಧಚಂದ್ರದ ತುಂಬ ಕೈಗಳು ಎದ್ದವು. ಮಿನಾಜ್ ನಾಯಕಿಯ ರವಿಕೆಯ ತೋಳನ್ನು ತೋರಿಸಿ ಏನೋ ಹೇಳಿದಳು.

"ಹೊಲಿಗಿ ಸರಿ ಇಲ್ಲಂತ," ಎಂದು ವೀರಭದ್ರಮ್ಮ ಕಿವಿಯಲ್ಲಿ ಉಸುರಿದಳು.

ಮಾನ್ವಿಯವನೊಬ್ಬ ಕಥೆ ಮುಂದೇನಾಗುತ್ತದೆ ಎಂದು ಮೊದಲೇ ಹೇಳಿಬಿಟ್ಟ, ನಾಲ್ಕು ಮಂದಿ ಅವನ ಬೆನ್ನಿಗೆ ಗುದ್ದಿದರು. ಹೊಡೆದಾಟದ ದೃಶ್ಯ ಬಂದಾಗ ಅಟ್ಟಣೆ ಗುಡುಗಿತು. ಒಬ್ಬೊಬ್ಬರಾಗಿ ಎಲ್ಲರೂ ಚಪ್ಪಲಿ ಬಿಟ್ಟು ಕಾಲು ಊರಿದರು. ಆ ಸದ್ದು ವೀರಭದ್ರಮ್ಮನಿಗೆ ಮಾತ್ರ ಜಾಸ್ತಿಯಾಗಿ, ಅವಳು ಕಿವಿಗೆ ಸೆರಗು ಒತ್ತಿಕೊಂಡು ಅಡಿಗೆಮನೆಗೆ ಎದ್ದುಹೋದಳು.

ಸಿನೆಮಾ ಮುಗಿಯಿತು. ಹೆಸರುಗಳೆಲ್ಲ ಮೇಲೇರಿ ಹೋಗಿ ಪರದೆ ಬರೀ ಬೆಳಕಾಗಿ ನಿಂತಿತು. ಯಾರೂ ಏಳಲಿಲ್ಲ. ಕುರ್ಚಿಗಳನ್ನು ಇನ್ನಷ್ಟು ಒಳಗೆ ಎಳೆದುಕೊಂಡು, ಆ ಬೆಳಕಿನಲ್ಲಿ ಮಾತು ಮುಂದುವರಿಸಿದರು. ಸುಮ್ಮನೆ ಉರಿಸಿದರೆ ಪ್ರೊಜೆಕ್ಟರಿನ ದೀಪ ಸವೆಯುತ್ತದೆ ಎಂದು ಮಲ್ಲೇಶ್ವರಿ ರಿಮೋಟಿಗೆ ಕೈ ಚಾಚಿದಳು. ಕಾವ್ಯಾ ಅವಳ ಮಣಿಕಟ್ಟು ಹಿಡಿದು, ಬೇಡವೆಂದು ತಲೆಯಾಡಿಸಿ, ಪಕ್ಕದ ಕುರ್ಚಿ ತೋರಿಸಿದಳು.

ಮಲ್ಲೇಶ್ವರಿ ಹೋಗಿ ಕೂತಳು. ಮಿನಾಜ್ ಅವಳಿಗೆ ಊಟ, ನೀರು, ಚಂದ ಎಂಬ ಮೂರು ಮಾತು ಕಲಿಸಿದಳು. ಚಂದ ಎಂಬುದನ್ನು ಅವಳು ತಪ್ಪಾಗಿ ಮಾಡಿದಾಗ ಇಡೀ ಗುಂಪು ಬಿದ್ದು ಬಿದ್ದು ನಕ್ಕಿತು. ಏನು ಹೇಳಿಬಿಟ್ಟೆನೆಂದು ಯಾರೂ ಬಿಡಿಸಿ ಹೇಳಲಿಲ್ಲ, ಅವಳೂ ನಕ್ಕಳು. ವೀರಭದ್ರಮ್ಮ ಮಂಡಕ್ಕಿ ನೆನೆಸಿ ಮಂಡಾಳ ಒಗ್ಗರಣೆ ಹಾಕಿಕೊಂಡು ಬಂದು ಎಲ್ಲರ ಮಡಿಲಿಗೆ ತಟ್ಟೆ ಕೊಟ್ಟಳು. ಒಂದು ಕೈಯಲ್ಲಿ ತಿನ್ನುತ್ತ ಇನ್ನೊಂದು ಕೈಯಲ್ಲಿ ಮಾತಾಡುವುದನ್ನು ಮಲ್ಲೇಶ್ವರಿ ಅಂದೇ ಮೊದಲು ನೋಡಿದ್ದು. ರಾಯಚೂರಿಗೆ ಮರಳುವ ಏಳು ಗಂಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು.