ದೊಡ್ಡವ್ವನ ಅಚ್ಚಿನ ಪ್ಯಾಂಟು

ಹೋದ ವಾರ ಈರೋಡಿನಿಂದ ಬಂದ ಬಟ್ಟೆಯ ಗಂಟು ಬಿಚ್ಚಿದೆ. ಹೆಂಗಸರ ಸಡಿಲ ಪ್ಯಾಂಟಿಗೆಂದು ತರಿಸಿದ ಅಚ್ಚಿನ ಕಾಟನ್. ನೀರು ಚಿಮುಕಿಸಿ ಇಸ್ತ್ರಿ ಪೆಟ್ಟಿಗೆ ಇಟ್ಟೆನೋ ಇಲ್ಲವೋ, ಗಂಜಿ ಮತ್ತು ಹೊಸ ಬಣ್ಣದ ವಾಸನೆ ಒಟ್ಟಿಗೇ ಮುಖಕ್ಕೆ ಬಡಿಯಿತು. ಎದುರುಮನೆಯ ದೊಡ್ಡವ್ವ ನೆನಪಾದರು...

ನೆಂಟಸ್ತನವೇನೂ ಇರಲಿಲ್ಲ. ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಮದುವೆಯಾಗಿ ತಾಳವಾಡಿ ಹತ್ತಿರದ ಈ ಊರಿಗೆ ಬಂದಾಗ ನನ್ನನ್ನು ಮೊದಲು "ಕೂಸೆ" ಎಂದು ಕರೆದವರು ಅವರು. ನಾನು ದೊಡ್ಡವ್ವ ಎಂದೆ, ಅಷ್ಟೇ. ಅವರ ಮನೆಯಲ್ಲಿ ದೊಡ್ಡಪ್ಪ, ಹಣೆ ತುಂಬ ವಿಭೂತಿ ಬಳಿದು ಜಗಲಿಯಲ್ಲಿ ಕೂತಿರುತ್ತಿದ್ದ ದೊಡ್ಡವ್ವನ ಮಾವ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಆ ಹಸುಗಳೆಂದರೆ ದೊಡ್ಡವ್ವನಿಗೆ ಪ್ರಾಣ. ನಮ್ಮ ಜೊತೆ ಆಡುವುದಕ್ಕಿಂತ ಹೆಚ್ಚು ಮಾತನ್ನು ಅವುಗಳ ಜೊತೆ ಆಡುತ್ತಿದ್ದರು.

ಒಂದು ವರ್ಷ ದೊಡ್ಡಪ್ಪ ಹುಣಸೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡರು. ಬೆಳಗಿನ ಹಾಲನ್ನು ಮೊಪೆಡ್ಡಿನಲ್ಲಿ ತಾಳವಾಡಿಗೆ ಮುಟ್ಟಿಸುತ್ತಿದ್ದವರು ಅವರೇ. ನಮ್ಮೂರಿಗೆ ಬಸ್ಸು ಬರುವಷ್ಟರಲ್ಲಿ ಅಲ್ಲಿಂದ ಹಾಲಿನ ವ್ಯಾನು ಹೊರಟುಬಿಡುತ್ತಿತ್ತು. ಹಸು ಮಾರಿಬಿಡೋಣ ಎಂದು ಮಾವ ತೀರ್ಮಾನ ಮಾಡಿದರು. ದೊಡ್ಡವ್ವ ಎದುರಾಡಲಿಲ್ಲ. ಸುಮ್ಮನೆ ಕೆರೆ ಬಯಲಿಗೆ ಹೋಗಿ ಮೊಪೆಡ್ ಕಲಿತರು. ಕ್ಯಾನು ಮುಂದಿಟ್ಟುಕೊಂಡು ಹೊರಟ ಮೊದಲ ದಿನವೇ ಸೀರೆಯ ಅಂಚು ಚೈನಿಗೆ ಸಿಕ್ಕಿ, ಹಾಲಿನ ಸಮೇತ ರಸ್ತೆಗೆ ಬಿದ್ದರು. ಸಂಜೆ ತರಚಿದ ಮೊಣಕೈಗೆ ಅರಿಶಿನ ಹಚ್ಚಿಕೊಂಡೇ ನಮ್ಮ ಮನೆಗೆ ಬಂದು, ಇಟ್ಟಿಗೆ ಬಣ್ಣದ, ಮಾವಿನಕಾಯಿ ಅಚ್ಚಿನ ಬಟ್ಟೆಯನ್ನು ನನ್ನ ಹೊಲಿಗೆ ಮೆಷಿನ್ನಿನ ಮೇಲೆ ಹಾಕಿದರು.

"ಕೂಸೆ, ನಂಗೊಂದು ಪ್ಯಾಂಟ್ ಒಲ್ಕೊಡವ್ವ. ಅಸ ಮಾತ್ರ ಮಾರಾಕ್ ಬುಡಕಿಲ್ಲ ನಾನು."

ನನಗೋ ರವಿಕೆ, ಲಂಗ ಬಿಟ್ಟರೆ ಬೇರೇನೂ ಹೊಲಿಯಲು ಬರುತ್ತಿರಲಿಲ್ಲ. ಧೈರ್ಯಕ್ಕೇನು ಬರ! ಎರಡು ಲಂಗಗಳನ್ನು ಜೋಡಿಸಿದಂತೆ ಒಂದನ್ನು ಹೊಲಿದು, ಸೊಂಟಕ್ಕೆ ಲಾಡಿ ಪೋಣಿಸಿಕೊಟ್ಟೆ. ತೊಟ್ಟು ನೋಡಿ, "ಇದ್ರೊಳ್ಗೆ ನಿಮ್ ದೊಡ್ಡಪ್ಪನ್ನೂ ಕೂರುಸ್ಕಂಡ್ ಓಗ್ಬೋದು ಕಣವ್ವ" ಎಂದು ನಕ್ಕರು. ಬಿಚ್ಚಿ ಮತ್ತೆ ಹೊಲಿದೆ.

ಮರುದಿನ ಬೆಳಿಗ್ಗೆ ಪ್ಯಾಂಟಿನ ಮೇಲೆ ದೊಡ್ಡಪ್ಪನ ಹಳೇ ಅಂಗಿ ತೊಟ್ಟು ಹೊರಬಂದರು. ಜಗಲಿಯಿಂದ ಮಾವ ಗುಡುಗಿದರು.

"ಗಂಡುಸ್ರ ಬಟ್ಟೆ ಆಕಂಡು ಬೀದಿಗಿಳ್ದೀಯಾ?"

ದೊಡ್ಡವ್ವ ಗಾಡಿ ನಿಲ್ಲಿಸಿದರು. ನಮ್ಮ ಕಡೆ ಹೊಲಕ್ಕೆ ಹೋಗುವ ಹೆಂಗಸರೆಲ್ಲ ಬಿಸಿಲು, ಮುಳ್ಳಿಗೆಂದು ಸೀರೆಯ ಮೇಲೆ ಗಂಡನ ಅಂಗಿ ತೊಡುವುದು ಹಿಂದಿನಿಂದ ನಡೆದುಬಂದದ್ದು.

"ಒಲಕ್ಕೆ ನಿಮ್ ಮಗನ್ ಅಂಗಿ ಆಕಂಡೇ ಓಯ್ತಿದ್ನಲ್ಲ ಮಾವ. ಒಂದಿನಾನೂ ಬ್ಯಾಡ ಅನ್ನಲಿಲ್ಲ ನೀವು. ಮೇಲಿಂದು ಆಯ್ತದೆ, ಕೆಳಗಿಂದು ಆಗಾಕಿಲ್ವಾ?"

ಬೀದಿಗೆ ಬೀದಿಯೇ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿತು. ಮಾವ ಅಂದಿನಿಂದ ಸೊಸೆಯ ಜೊತೆ ಮಾತು ಬಿಟ್ಟರು. ದನದ ದಲ್ಲಾಳಿಗೂ ಹೇಳಿ ಕಳಿಸಿದ್ದಾರೆ ಎಂದು ಸುದ್ದಿ ಹಬ್ಬಿತು. ಹಾಲು ಮಾತ್ರ ದಿನಾ ವ್ಯಾನಿಗೆ ಮುಟ್ಟುತ್ತಿತ್ತು. ಮಾವ ಯಾವಾಗ ಹಸು ಬಿಚ್ಚಿ ಕಳಿಸಿಬಿಡುತ್ತಾರೋ ಎಂದು ದೊಡ್ಡವ್ವ ಮಾತ್ರ ಒಳಗೊಳಗೇ ಬೇಯುತ್ತಿದ್ದರು.

ಮಾರ್ಗಶಿರದ ಚಳಿ ಬಂತು. ಇದ್ದದ್ದು ಒಂದೇ ಪ್ಯಾಂಟು, ಸಂಜೆ ಒಗೆದರೆ ಮಂಜಿಗೆ ಒಣಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಕಾಫಿಗೆ ಹಾಲು ತರಲು ಅವರ ಮನೆಗೆ ಹೋದೆ. ದೊಡ್ಡವ್ವ ಸೀರೆಯಲ್ಲೇ, ಕ್ಯಾನು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಒಲೆಯ ಮುಂದೆ ಮಾವ ಕುಕ್ಕರಗಾಲಿನಲ್ಲಿ ಕೂತು, ಆ ಪ್ಯಾಂಟನ್ನು ಎರಡೂ ಕೈಯಲ್ಲಿ ಅಗಲಿಸಿ ಬೆಂಕಿಗೆ ಹಿಡಿದಿದ್ದರು!

ಮುಖ ತಿರುಗಿಸದೆಯೇ ಹೇಳಿದರು: "ಒಸಿ ತಡಿ, ಸೊಂಟದತ್ರ ಇನ್ನೂ ತ್ಯಾವ ಅದೆ. ಸೀರೆ ಉಟ್ಕಂಡ್ ಓಗಿ ಮತ್ತೆ ಬಿದ್ದೀಯೆ."

ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ದಲ್ಲಾಳಿಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ನಾನು ಅವತ್ತೇ ಕೂತು ಇನ್ನೊಂದು ಪ್ಯಾಂಟು ಹೊಲಿದುಕೊಟ್ಟೆ. ಆಮೇಲೆ ಪಕ್ಕದ ಊರಿನ ಹೆಂಗಸರು, "ಆ ಆಲಿನ್ ಅಮ್ಮಂಗೆ ಒಲ್ದಂಗೆ" ಎಂದು ಕೇಳಿಕೊಂಡು ಬರತೊಡಗಿದರು. ನನ್ನ ಅಂಗಡಿ ಎದ್ದು ನಿಂತದ್ದೇ ಹಾಗೆ.

ಹೋದ ವರ್ಷ ದೊಡ್ಡವ್ವ ತೀರಿಕೊಂಡರು. ಮಣ್ಣು ಮಾಡುವ ದಿನ ಅವರ ಮನೆಯ ಮುಂದೆ ಸಾಲಾಗಿ ಮೊಪೆಡ್ಡುಗಳು ನಿಂತಿದ್ದವು, ಎಲ್ಲ ಹೆಂಗಸರವೇ. ಬರುವುದು ಇಷ್ಟು ಹೊತ್ತಾಯಿತಲ್ಲ ಎಂದು ಒಬ್ಬಳನ್ನು ಕೇಳಿದೆ.

"ವ್ಯಾನ್ಗೆ ಆಲ್ ಆಕ್ಬುಟ್ಟೇ ಬಂದೊ ಕಣಕ್ಕ. ಕೆಡಿಸ್ಬುಟ್ ಬಂದಿದ್ರೆ ದೊಡ್ಡವ್ವನೇ ಎದ್ದು ಬಯ್ಯೋರು" ಎಂದಳು. ಅಳುವಿನ ಮಧ್ಯೆಯೂ ನಗು ಬಂತು.

ಈಗಲೂ ಬೆಳಗಾದರೆ ನಮ್ಮ ಬೀದಿಯಲ್ಲಿ ಹಾಲಿನ ಕ್ಯಾನು ಇಟ್ಟುಕೊಂಡು ಹೆಂಗಸರು ಗಾಡಿಯಲ್ಲಿ ಹೋಗುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ. ನಾನೊಬ್ಬಳು ಮಾತ್ರ, ಗಾಡಿಯ ಸದ್ದಾದಾಗಲೆಲ್ಲ, ಅವರಿಲ್ಲವೆಂದು ಗೊತ್ತಿದ್ದೂ ತಲೆಯೆತ್ತುತ್ತೇನೆ...