ಮಗಳ ಜೊತೆ ನಾಲ್ಕು ಸುತ್ತು

ಮೊನ್ನೆ ಎರ್ನಾಕುಲಂನಿಂದ ಮೆಟ್ರೊದಲ್ಲಿ ಮನೆಗೆ ಮರಳುತ್ತಿದ್ದಾಗ ಒಬ್ಬ ಅಜ್ಜಿ ಬಂದು ಪಕ್ಕದಲ್ಲಿ ಕೂತರು. ಕೂತದ್ದೇ ತಡ, ಬೋಗಿಯ ತುಂಬ ಕುಳಂಬಿನ ವಾಸನೆ ಹಬ್ಬಿತು. ಕುಳಂಬು ಅಂದರೆ ಇಲ್ಲಿಯವರು ಕೀಲುನೋವಿಗೆ ತಿಕ್ಕಿಕೊಳ್ಳುವ ಎಣ್ಣೆ. ಏನೇನೋ ಬೇರು ನಾರು ಹಾಕಿ ಕಾಯಿಸಿದ್ದು. ಎದುರಿನ ಹುಡುಗಿ ಮೆಲ್ಲನೆ ಕರ್ಚೀಫು ಮೂಗಿಗೆ ಹಿಡಿದಳು. ನಾನು ಮಾತ್ರ ಅಜ್ಜಿಯ ಕಡೆಗೆ ಇನ್ನಷ್ಟು ಒತ್ತಿ ಕೂತೆ. ಅವರು ಏನಂದುಕೊಂಡರೋ, ಕೈಚೀಲವನ್ನು ಇನ್ನೊಂದು ಪಕ್ಕಕ್ಕೆ ಸರಿಸಿಕೊಂಡರು.

ಕಳ್ಳಿಯಲ್ಲಮ್ಮಾ ನಾನು ಎನ್ನಬೇಕೆನಿಸಿತು. ಆದರೆ ಆ ವಾಸನೆ ನನ್ನನ್ನು ಒಂದು ಶಾಲೆಯ ಮೈದಾನಕ್ಕೆ ಒಯ್ದು ನಿಲ್ಲಿಸಿತ್ತು.

ನಿಮಗೆ ಮೊದಲು ನಮ್ಮ ಸಂಸಾರದ ಪರಿಚಯ ಹೇಳಬೇಕು. ನಾವು ಧಾರವಾಡದ ಕಡೆಯವರು. ನಾನು ಎರ್ನಾಕುಲಂನ ಒಂದು ಬ್ಯಾಂಕಿನಲ್ಲಿದ್ದೇನೆ, ಮನೆ ಎಡಪ್ಪಳ್ಳಿಯಲ್ಲಿ. ನಮ್ಮವರು ತಿರುವನಂತಪುರದ ಶ್ರೀಕಾರ್ಯಂನಲ್ಲಿ, ಗೆಡ್ಡೆ ಗೆಣಸುಗಳ ಸಂಶೋಧನೆಯಲ್ಲಿ. ಶುಕ್ರವಾರ ಸಂಜೆಯ ರೈಲಿಗೆ ಬಂದು ಸೋಮವಾರ ನಸುಕಿನ ರೈಲಿಗೆ ಹೋಗುತ್ತಾರೆ. ಬರುವಾಗ ತಪ್ಪದೆ ಎರಡು ಕಿಲೋ ಮರಗೆಣಸು. ಬೇರೆ ಗಂಡಂದಿರು ಮಲ್ಲಿಗೆ ತರುತ್ತಾರೆ ಎಂದು ಒಮ್ಮೆ ಹೇಳಿ ನೋಡಿದೆ. ಮರುವಾರ ಮೂರು ಕಿಲೋ ಬಂತು.

ಮಗಳು ಗೌರಿ ಇಲ್ಲಿಯೇ ಬೆಳೆದವಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು. ಜಗಳ ಕೂಡ ಹಾಗೆಯೇ ನಡೆಯುತ್ತಿತ್ತು.

ಅವಳು ಪ್ಲಸ್ ಟು ಮುಗಿಸುವ ಹೊತ್ತಿಗೆ ನಮ್ಮವರು ಒಳಗೊಳಗೇ ಒಂದು ಕನಸು ಕಟ್ಟಿದ್ದರು. ಶ್ರೀಕಾರ್ಯಂನಲ್ಲಿ ಅವರ ಕ್ವಾರ್ಟರ್ಸಿನ ಹತ್ತಿರವೇ ಎಂಜಿನಿಯರಿಂಗ್ ಕಾಲೇಜು. ಅಲ್ಲಿ ಸೀಟು ಸಿಕ್ಕರೆ ಮಗಳು ನಾಲ್ಕು ವರ್ಷ ತಮ್ಮ ಜೊತೆ ಇರುತ್ತಾಳೆ. ಒಬ್ಬರೇ ಉಣ್ಣುವುದು ತಪ್ಪುತ್ತದೆ. ಇದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಸಾಮಾನು ತುಂಬಿದ್ದ ಸಣ್ಣ ಕೋಣೆಯನ್ನು ಖಾಲಿ ಮಾಡಿಸಿ ತಿಳಿಹಸಿರು ಬಣ್ಣ ಹೊಡೆಸಿದರು. ಬಡಗಿಯನ್ನು ಕರೆಸಿ ಓದುವ ಮೇಜು ಮಾಡಿಸಿದರು. ಪ್ರವೇಶ ಪರೀಕ್ಷೆಯಲ್ಲಿ ಅವಳಿಗೆ ಒಳ್ಳೆಯ ರ್‍ಯಾಂಕೇ ಬಂತು, ಸೀಟು ಸಿಗುವುದು ಖಾತ್ರಿಯಾಯಿತು. ಕಿಟಕಿಗೆ ಪರದೆ ಕೂಡ ಬಂತು.

ಆ ದಿನಗಳ ಒಂದು ಶನಿವಾರ, ಊಟಕ್ಕೆ ಕೂತಿದ್ದಾಗ ಗೌರಿ ಫೋನನ್ನು ಅಪ್ಪನ ತಾಟಿನ ಪಕ್ಕಕ್ಕೆ ಇಟ್ಟಳು. ಅವರು ಕನ್ನಡಕ ಏರಿಸಿ ಓದಿದರು. ಇನ್ನೊಮ್ಮೆ ಓದಿದರು.

“ಇದು ಯಾವ ಪರೀಕ್ಷಾ ಗೌರಿ? ಸೈನ್ಯ ಅಂತ ಬರದೈತಲ್ಲ?”

ಪ್ಲಸ್ ಟು ಮುಗಿಸಿದ ಹೆಣ್ಣುಮಕ್ಕಳನ್ನು ನಾಲ್ಕು ವರ್ಷಕ್ಕೆ ಸೇನೆಗೆ ತೆಗೆದುಕೊಳ್ಳುವ ಭರ್ತಿ. ಬರೆಯುವ ಪರೀಕ್ಷೆ ಪಾಸಾಗಿತ್ತು. ಇನ್ನು ತಿರುವನಂತಪುರದ ಮೈದಾನದಲ್ಲಿ ಓಟ, ಆಮೇಲೆ ವೈದ್ಯರ ತಪಾಸಣೆ. ಆ ಪರೀಕ್ಷೆಗೆ ಅವಳನ್ನು ಕರೆದುಕೊಂಡು ಹೋದವಳು ನಾನೇ! ಆ ವರ್ಷ ವಾರಕ್ಕೊಂದು ಪ್ರವೇಶ ಪರೀಕ್ಷೆ ಇರುತ್ತಿತ್ತು, ಇದೂ ಅಂಥದ್ದೇ ಅಂದುಕೊಂಡು ಹೊರಗಿನ ಬೆಂಚಿನ ಮೇಲೆ ಮೂರು ತಾಸು ಬುತ್ತಿ ಹಿಡಿದು ಕೂತಿದ್ದೆ. ಬ್ಯಾಂಕಿನಲ್ಲಿ ಪ್ರತಿ ಕಾಗದವನ್ನೂ ಎರಡು ಸಲ ಓದುವ ನಾನು, ಮಗಳ ಕೈಯಲ್ಲಿದ್ದ ಒಂದು ಹಾಳೆಯನ್ನು ಓದಲಿಲ್ಲ.

“ಎನಿಕ್ಕ್ ಪೋಗಣಂ, ಅಮ್ಮೇ” ಎಂದಳು.

“ಕನ್ನಡದಾಗ ಹೇಳು!” ಎಂದು ರೇಗಿದೆ, ಕನ್ನಡದಲ್ಲಿ ಹೇಳಿದರೆ ಅರ್ಥ ಬದಲಾದೀತು ಎನ್ನುವ ಹಾಗೆ.

“ನಾನು ಹೋಗಬೇಕು” ಎಂದಳು. ಬದಲಾಗಲಿಲ್ಲ.

ನಾನು ಅತ್ತೆ, ಬೈದೆ, ಗಡಿಯ ಸುದ್ದಿಗಳನ್ನು ಹುಡುಕಿ ತೋರಿಸಿದೆ. ಅವಳಿಗೆ ಆಗ ಹದಿನೇಳೂವರೆ ವರ್ಷ. ಹೋಗಬೇಕಿದ್ದರೆ ಹೆತ್ತವರ ಒಪ್ಪಿಗೆ ಪತ್ರ ಬೇಕಿತ್ತು. ಆ ಸಹಿ ನನ್ನ ಕೈಯಲ್ಲಿದೆ ಎಂಬುದೊಂದೇ ನನಗಿದ್ದ ಧೈರ್ಯ. ನಮ್ಮವರು ಮಾತ್ರ, “ಆಕಿ ಮನಸ್ಸಿನ್ಯಾಗ ಏನೈತಿ ಮೊದಲ ಕೇಳೂಣು” ಎಂದರು. ಹೇಳುತ್ತಿದ್ದಾಗ ಅವರ ಕೈಯಲ್ಲಿದ್ದ ಚಪಾತಿ ಚೂರು ಚೂರಾಗುತ್ತಿತ್ತು. ಅದನ್ನು ನೋಡಿದವಳು ನಾನೊಬ್ಬಳೇ.

ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಅನ್ನಮ್ಮ ಚೇಚ್ಚಿ ಇದ್ದರು. ಚೇಚ್ಚಿ ಅಂದರೆ ಇಲ್ಲಿ ಅಕ್ಕ; ಗೌರಿಗೆ ಅವರು ಅಮ್ಮಚ್ಚಿ, ಅಂದರೆ ಅಜ್ಜಿ. ವಯಸ್ಸು ಎಪ್ಪತ್ತು ದಾಟಿತ್ತು. ಮಿಲಿಟರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದು, ಮೇಜರ್ ಆಗಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಬೆಳಗಾವಿಯಲ್ಲಿ ಮೂರು ವರ್ಷ ಇದ್ದದ್ದರಿಂದ ಅವರಿಗೆ ಕನ್ನಡ ಬರುತ್ತಿತ್ತು. ಅದೂ ಜ್ವರ ನೋಡುವ, ಮಾತ್ರೆ ನುಂಗಿಸುವ ಕನ್ನಡ. ಸೇನೆಯ ಕಷ್ಟ ಬಲ್ಲವರು ಹೇಳಿದರೆ ಹುಡುಗಿ ಕೇಳಿಯಾಳು ಎಂದು ಒಂದು ಡಬ್ಬಿ ಶೇಂಗಾ ಹೋಳಿಗೆ ಮಾಡಿಕೊಂಡು ಹೋದೆ. ಲಂಚವೇ ಅನ್ನಿ.

ಚೇಚ್ಚಿ ಒಂದು ಹೋಳಿಗೆ ಪೂರ್ತಿ ತಿಂದು, ಕೈ ತೊಳೆದು ಬಂದು ಕೂತರು. “ನಾನು ಸುಳ್ಳು ಹೇಳಲ್ಲ. ಒಳ್ಳೇದು, ಕೆಟ್ಟದು, ಎರಡೂ ಹೇಳ್ತೇನೆ. ಮೋಳನ್ನ, ಮಗಳನ್ನ, ಕರಿ.”

ಗೌರಿಯನ್ನು ಎದುರು ಕೂಡಿಸಿಕೊಂಡು ಅವರು ಮೊದಲು ಕೆಟ್ಟದ್ದನ್ನೇ ಹೇಳಿದರು. ಬಾಗಿಲಿಲ್ಲದ ಬಚ್ಚಲು, ಬೆರಳು ಸೆಟೆದು ಗುಂಡಿ ಹಾಕಿಕೊಳ್ಳಲಾಗದ ಚಳಿ, ಊರು ಹಿಡಿಸುವ ಹೊತ್ತಿಗೆ ಬರುವ ವರ್ಗ. ತಾಯಿ ಸತ್ತ ಸುದ್ದಿ ತಲುಪಿ ಊರಿಗೆ ಬಂದಾಗ ಮಣ್ಣು ಮಾಡಿ ಮೂರು ದಿನವಾಗಿತ್ತಂತೆ. ನನಗೆ ಕಣ್ಣು ತುಂಬಿ ಬಂದರೂ, ಇನ್ನು ಗೆದ್ದೆ ಅಂದುಕೊಂಡೆ. ನಾಚಿಕೆಯ ಮಾತು, ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು.

ಗೌರಿ ಕೇಳಿದಳು, “ಅಮ್ಮಚ್ಚೀ, ಹೋಗಬಾರದಿತ್ತು ಅಂತ ಅನ್ನಿಸ್ತದಾ?”

ಚೇಚ್ಚಿ ಹೋಳಿಗೆ ಡಬ್ಬಿಯ ಮುಚ್ಚಳ ಹಾಕಿದರು. “ಪ್ರತಿ ಕ್ರಿಸ್‌ಮಸ್‌ಗೂ ಅನ್ನಿಸ್ತದೆ. ಉಳಿದ ದಿನ ಇಲ್ಲ.”

ಆಮೇಲೆ ನನ್ನ ಕಡೆ ತಿರುಗಿದರು. “ಒಂದು ತಿಂಗಳು ಬೆಳಿಗ್ಗೆ ಇವಳು ಓಡಬೇಕು. ನಾಲ್ಕು ಸುತ್ತು, ಎಂಟು ನಿಮಿಷದ ಒಳಗೆ. ನಾನು ನಿಂತು ಓಡಿಸ್ತೇನೆ. ನೀನೂ ಬಾ.”

“ನಾನ್ಯಾಕೆ ಚೇಚ್ಚಿ?”

“ಸಹಿ ನೀನಲ್ವಾ ಹಾಕೋದು? ಯಾವುದಕ್ಕೆ ಹಾಕ್ತೇನೆ ಅಂತ ಗೊತ್ತಿರಬೇಕು.”

ಹೀಗೆ ನಾನು ನಲವತ್ತೆಂಟನೆಯ ವಯಸ್ಸಿನಲ್ಲಿ ಓಡಲು ಹೊರಟೆ. ಚೂಡಿದಾರದ ಕೆಳಗೆ ಮಗಳ ಹಳೆಯ ಬೂಟು, ಅದರ ಬೆರಳ ಹತ್ತಿರ ಹತ್ತಿ. ಮಾಲ್‌ನ ಹಿಂದಿನ ಶಾಲೆಯ ಮೈದಾನದಲ್ಲಿ ಚೇಚ್ಚಿ ಗೋಲ್ ಕಂಬದ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂತು, ಕೈಯಲ್ಲಿ ಗಡಿಯಾರ ಹಿಡಿದು, “ಮೊಣಕೈ ಒಳಗೆ! ಮೊಣಕೈ ಒಳಗೆ!” ಎಂದು ಕೂಗುತ್ತಿದ್ದರು. ಅದನ್ನು ಅವರು ಗೌರಿಗೇ ಹೇಳುತ್ತಿದ್ದರು. ನನಗೆ ಹೇಳಿ ಉಪಯೋಗವಿಲ್ಲವೆಂದು ಮೊದಲ ದಿನವೇ ಕೈಬಿಟ್ಟಿದ್ದರು. ಗೌರಿ ನಾಲ್ಕು ಸುತ್ತು ಮುಗಿಸುವಷ್ಟರಲ್ಲಿ ನನ್ನದು ಒಂದೂವರೆ. ವಾಕಿಂಗ್ ಬಂದ ನಾಯಿಗಳು ನನ್ನನ್ನು ದಾಟಿ ಹೋಗುತ್ತಿದ್ದವು. ಮೂರನೆಯ ದಿನ ಮೆಟ್ಟಿಲಿಳಿಯಲು ಮೊಣಕಾಲು ಬಾಗಲಿಲ್ಲ. ಆಗ ಚೇಚ್ಚಿ ತಮ್ಮ ಕುಳಂಬಿನ ಬಾಟಲಿ ತಂದು, ನನ್ನನ್ನು ಸೋಫಾದ ಮೇಲೆ ಮಲಗಿಸಿ, ರೋಗಿಗೆ ಮಾಡುವಂತೆ ತಿಕ್ಕಿದರು. ನನ್ನ ಅವ್ವ ಹೋದ ಮೇಲೆ ಯಾರೂ ನನ್ನ ಕಾಲು ಮುಟ್ಟಿ ತಿಕ್ಕಿರಲಿಲ್ಲ.

ಮೈದಾನದಿಂದ ಮನೆಗೆ ನಡೆದು ಬರುವ ಆ ಹದಿನೈದು ನಿಮಿಷ ನಾನೂ ಮಗಳೂ ಮಾತಾಡಲು ಕಲಿತೆವು. ಒಂದು ದಿನ ಕೇಳಿದೆ, “ಖರೇ ಹೇಳು, ಯಾಕ ಹೊಂಟೀ? ದೇಶಸೇವಾನ?”

ಅವಳು ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ ಹೇಳಿದಳು: “ಅದೂ ಇದೆ. ಆದರೆ ಅಮ್ಮೇ, ನನ್ನ ನೀರಿನ ಬಾಟಲಿ ಇವತ್ತಿಗೂ ನೀನೇ ತುಂಬ್ತೀ. ಶ್ರೀಕಾರ್ಯಂಗೆ ಹೋದರೆ ಅಪ್ಪ ತುಂಬ್ತಾರೆ. ನನ್ನಿಂದ ಏನಾಗ್ತದೆ ಅಂತ ನನಗೇ ಗೊತ್ತಿಲ್ಲ.”

ಆಗಲೂ ಆ ಬಾಟಲಿ ನನ್ನ ಕೈಯಲ್ಲಿಯೇ ಇತ್ತು.

ಮೂರು ವಾರ ಕಳೆದಿರಬೇಕು. ಅವತ್ತು ಚೇಚ್ಚಿಗೆ ನೆಗಡಿಯಾಗಿ ಬಂದಿರಲಿಲ್ಲ. ಮೊದಲ ಸುತ್ತಿನಲ್ಲಿ ಗೌರಿ ಮುಂದೆ ಹೋಗದೆ, ನನ್ನ ಹೆಜ್ಜೆಗೆ ಹೆಜ್ಜೆ ಹಾಕುತ್ತ ಪಕ್ಕದಲ್ಲೇ ಬಂದಳು. ಗೋಲ್ ಕಂಬದ ಹತ್ತಿರ ನನ್ನದೇ ಧಾರವಾಡದ ರಾಗದಲ್ಲಿ ಹೇಳಿದಳು:

“ಅಮ್ಮಾ, ನೀ ಬ್ಯಾಡ ಅಂದ್ರ ನಾ ಹೋಗಂಗಿಲ್ಲ.”

ಎರಡು ತಿಂಗಳಿಂದ ನಾನು ಕಾದಿದ್ದ ಮಾತು. ಬ್ಯಾಡ ಅನ್ನಲು ಬಾಯಿ ತೆರೆದೆ. ಉಸಿರೇ ಇರಲಿಲ್ಲ. ಸೊಂಟ ಹಿಡಿದುಕೊಂಡು ನಿಂತೆ. ದಂಡೆಗೆ ಬಿದ್ದ ಮೀನಿನಂತೆ ಬಾಯಿ ಆಡಿತೇ ಹೊರತು ಶಬ್ದ ಹೊರಡಲಿಲ್ಲ. ಅವಳು ನನ್ನನ್ನೇ ಒಂದು ಕ್ಷಣ ನೋಡಿದಳು. ನೋಡಿ, ಓಡಿದಳು.

ಕಂಬಕ್ಕೆ ಒರಗಿ ನಿಂತೆ. ಉಸಿರು ಬಂತು. ಈಗ ಹೇಳುತ್ತೇನೆ, ಬಂದ ಕೂಡಲೇ ಹೇಳುತ್ತೇನೆ, ಒಂದೇ ಶಬ್ದವಲ್ಲವೇ ಅಂದುಕೊಂಡೆ. ಅವಳು ಮೈದಾನದ ಆ ತುದಿ ಬಳಸಿ ನನ್ನ ಕಡೆಗೆ ಬರತೊಡಗಿದಳು. ಸ್ವಲ್ಪ ನಿಧಾನವಾಗಿದ್ದಳು, ದಣಿದಿರಬೇಕು. ಹಣೆಗೆ ಕೂದಲು ಅಂಟಿತ್ತು, ಮುಖ ಕೆಂಪಾಗಿತ್ತು. ಅಷ್ಟು ದೂರದಿಂದ ನನ್ನ ಮಗಳು ಬರುವುದನ್ನು ನಾನು ಅದಕ್ಕೆ ಮುಂಚೆ ನೋಡಿಯೇ ಇರಲಿಲ್ಲ. ಯಾವಾಗಲೂ ಪಕ್ಕದಲ್ಲೇ ಇರುತ್ತಿದ್ದಳಲ್ಲ. ತೀರ ಹತ್ತಿರ ಬಂದಳು. ನನ್ನ ಬಾಯಿಂದ ಹೊರಟದ್ದು ಇಷ್ಟೇ:

“ಮೊಣಕೈ ಒಳಗ ತಗೋ!”

ಅವಳು ಮೊಣಕೈ ಒಳಗೆ ತೆಗೆದುಕೊಂಡು ಮುಂದೆ ಹೋದಳು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಅದೇ ವಾರದ ಭಾನುವಾರ. ದಿನಾ ಜನರ ಸಹಿ ತಾಳೆ ನೋಡಿ, ಹೊಂದದಿದ್ದರೆ ಮುಲಾಜಿಲ್ಲದೆ ಹಿಂದೆ ಕಳಿಸುವವಳು ನಾನು. ನನ್ನ ಸಹಿ ನನಗೇ ಗುರುತು ಹತ್ತದಷ್ಟು ಸೊಟ್ಟಗಾಯಿತು. ಗೌರಿ ಇನ್ನೊಂದು ಪ್ರತಿ ಮುದ್ರಿಸಿ ತಂದಳು.

ಓಟದ ಹಿಂದಿನ ದಿನ ಮಧ್ಯಾಹ್ನ ತಿರುವನಂತಪುರಕ್ಕೆ ಹೋದೆವು. ನಮ್ಮವರು ಶ್ರೀಕಾರ್ಯಂನ ಮನೆಯಲ್ಲಿ ಗೆಣಸು ಬೇಯಿಸಿ, ಕೆಂಪು ಮೆಣಸಿನ ಚಟ್ನಿ ಅರೆದು ಇಟ್ಟಿದ್ದರು. ತಿಂದಾದ ಮೇಲೆ ಮಗಳನ್ನು ತಿಳಿಹಸಿರು ಕೋಣೆಗೆ ಕರೆದರು.

“ಒಮ್ಮೆ ಕುಂತು ನೋಡವ್ವಾ. ಟೇಬಲ್ ಎತ್ತರ ಸರಿ ಐತೇನು?”

ಗೌರಿ ಕುರ್ಚಿ ಎಳೆದು ಕೂತಳು. ಮೇಜಿನ ಮೇಲೆ ಎರಡೂ ಕೈ ಊರಿದಳು, ಗೋಡೆ ನೋಡಿದಳು, ದೀಪ ಹಾಕಿ ಆರಿಸಿದಳು. “ಸರಿ ಐತಿ ಅಪ್ಪಾ” ಎಂದಳು. ಅವರು ತಲೆಯಾಡಿಸಿ ಹಿತ್ತಲಿನ ಗಿಡಗಳಿಗೆ ನೀರು ಹಾಕಲು ಹೋದರು. ಅವತ್ತು ಮಧ್ಯಾಹ್ನವೇ ಮಳೆ ಬಂದು ನೆಲ ಇನ್ನೂ ಹಸಿಯಾಗಿತ್ತು.

ಮರುದಿನ ಗೌರಿಯನ್ನು ಒಳಗೆ ಕಳಿಸಿ ನಾವಿಬ್ಬರೂ ಮೈದಾನದ ಗೇಟಿನ ಹೊರಗೆ ಒಂದೇ ಕೊಡೆಯಡಿ ನಿಂತೆವು. ಒಳಗಿನದೇನೂ ಕಾಣುತ್ತಿರಲಿಲ್ಲ. ಓಟದಲ್ಲಿ ಆಯ್ಕೆಯಾದವರನ್ನು ಒಳಗೇ ಉಳಿಸಿಕೊಂಡು ಉಳಿದವರನ್ನು ಹೊರಗೆ ಕಳಿಸುತ್ತಿದ್ದರು. ಒಬ್ಬೊಬ್ಬಳೇ ಹುಡುಗಿ ಬೂಟು ಕೈಯಲ್ಲಿ ಹಿಡಿದು, ಕಣ್ಣೊರೆಸಿಕೊಳ್ಳುತ್ತ ಬರುತ್ತಿದ್ದಳು. ಪ್ರತಿ ಸಲ ಗೇಟು ತೆರೆದಾಗಲೂ ಕೊಡೆ ಸರಿಸಿ ಬಂದವಳ ಮುಖ ನೋಡುತ್ತಿದ್ದೆ. ಐದಾರು ಹುಡುಗಿಯರು ಬಂದ ಮೇಲೆ ನನಗೆ ಹೊಳೆಯಿತು: ಗೌರಿ ಬರದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಮೊದಲ ಸಲ ನನ್ನ ಮಗಳು ನನ್ನ ಹತ್ತಿರ ಬರದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಹುಡುಗಿಯರು ಬರುವುದು ನಿಂತಿತು. ಗೇಟು ಹಾಕಿದರು.

“ಬರಲಿಲ್ಲ” ಎಂದರು ನಮ್ಮವರು. ಕೊಡೆಯನ್ನು ನನ್ನ ಕೈಗೆ ಕೊಟ್ಟು, ಕನ್ನಡಕ ತೆಗೆದು, ಬಹಳ ಹೊತ್ತು ಅಂಗಿಯ ಚುಂಗಿನಿಂದ ಒರೆಸಿದರು.

ಅದಾಗಿ ನಾಲ್ಕು ವರ್ಷವಾಗುತ್ತ ಬಂತು. ತರಬೇತಿ ಬೆಂಗಳೂರಿನಲ್ಲಿ ಆದದ್ದರಿಂದ ಗೌರಿ ಈಗ ಅಲ್ಲಿಯ ಕನ್ನಡದಲ್ಲೇ ಮಾತಾಡುತ್ತಾಳೆ. ಸದ್ಯ ಉತ್ತರದ ಒಂದು ಗುಡ್ಡದೂರಿನಲ್ಲಿದ್ದಾಳೆ. ಅನ್ನಮ್ಮ ಚೇಚ್ಚಿ ಹೋದ ಮಳೆಗಾಲದಲ್ಲಿ ತೀರಿಕೊಂಡರು. ಗೌರಿಗೆ ರಜೆ ಸಿಗಲಿಲ್ಲ. ಪ್ರಾರ್ಥನೆಯ ಹೊತ್ತಿಗೆ ನಾನು ಫೋನು ಹಿಡಿದು ಇಗರ್ಜಿಯ ಹಿಂದಿನ ಸಾಲಿನಲ್ಲಿ ನಿಂತಿದ್ದೆ. ಆ ಕಡೆಯಿಂದ ಅವಳು ಮೂಗು ಎಳೆದುಕೊಳ್ಳುವುದು ಕೇಳುತ್ತಿತ್ತು.

ಮೊನ್ನೆ ಮೆಟ್ರೊ ಇಳಿದು ಮನೆಗೆ ಬಂದ ಮೇಲೆ ಸಂಜೆ ಅವಳೇ ಫೋನು ಮಾಡಿದಳು. ನಾಲ್ಕು ವರ್ಷದ ಅವಧಿ ಮುಗಿಯುತ್ತಿದೆ. ಕೆಲವರನ್ನಷ್ಟೇ ಮುಂದುವರಿಸುತ್ತಾರೆ, ಉಳಿದವರು ಮನೆಗೆ. ಉಳಿಯುವ ಮನಸ್ಸಿದ್ದರೆ ಅರ್ಜಿ ಕೊಡಬೇಕು.

“ಏನ್ ಮಾಡ್ಲಮ್ಮಾ?” ಎಂದಳು.

ಉತ್ತರಕ್ಕೆ ಮೊದಲು ಒಂದು ತಪ್ಪೊಪ್ಪಿಗೆ ಬಾಕಿಯಿತ್ತು. “ಗೌರಿ, ಆ ದಿವಸ ಮೈದಾನದಾಗ ನಾ ಸುಮ್ಮನಿದ್ದದ್ದು ದೊಡ್ಡ ಮನಸ್ಸಿನಿಂದ ಅಲ್ಲವ್ವಾ. ಬ್ಯಾಡ ಅನ್ನಾಕ ಬಾಯಿ ತಗದಿದ್ದೆ. ಉಸರ ಬರಲಿಲ್ಲ.”

ಆ ಕಡೆ ನಗು. “ಗೊತ್ತಮ್ಮ. ನಿನ್ನ ಬಾಯಿ ನೋಡಿದ ಕೂಡ್ಲೇ ಗೊತ್ತಾಯ್ತು. ಅದಕ್ಕೇ ಅಷ್ಟು ಜೋರಾಗಿ ಓಡಿದ್ದು. ನಿನಗೆ ಉಸಿರು ಬರೋದ್ರೊಳಗೆ ದೂರ ಹೋಗ್ಬೇಕಿತ್ತು.”

“ಎಲಾ ಇಕಿನ!”

“ಆದ್ರೆ ಆ ತುದಿಗೆ ಹೋದ ಮೇಲೆ ಪಾಪ ಅನ್ನಿಸ್ತು. ಎರಡನೇ ಸುತ್ತಲ್ಲಿ ನಿನ್ನ ಹತ್ರ ಬರ್ತಾ ನಿಧಾನ ಮಾಡ್ದೆ. ಹೇಳೋದಿದ್ರೆ ಹೇಳ್ಲಿ ಅಂತ.”

ನಾನು ಅದನ್ನು ದಣಿವು ಅಂದುಕೊಂಡಿದ್ದೆ. ಇಷ್ಟು ವರ್ಷ.

ಅಡುಗೆಮನೆಯಲ್ಲಿ ಸಾರು ಉಕ್ಕುತ್ತಿರುವ ಸದ್ದು ಕೇಳಿತು. ಏಳಲಿಲ್ಲ. ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಕೂತೆ.

“ಈಗ ನೀ ಹೇಳು” ಎಂದೆ. “ಇರಬೇಕು ಅನಸ್ತೈತೋ, ಬರಬೇಕು ಅನಸ್ತೈತೋ?”

“ಅದು ಸ್ವಲ್ಪ ಉದ್ದ ಇದೆ ಅಮ್ಮ.”

“ಇರಲಿ.”

ಅವಳು ಹೇಳತೊಡಗಿದಳು. ನಾನು ನಡುವೆ ಬಾಯಿ ಹಾಕಲಿಲ್ಲ. ಈ ಸಲ ಉಸಿರು ಬೇಕಾದಷ್ಟಿತ್ತು.