ಬ್ಯಾರನ್‌ನಲ್ಲಿ ಬೆಂದ ಹಾಸಿಗೆ

ಮೊದಲೇ ಹೇಳಿಬಿಡುತ್ತೇನೆ, ಹಾಸಿಗೆಯನ್ನು ಬೇಯಿಸಿದ್ದು ನಾನೇ. ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ, ಮನೆಯವರೆಲ್ಲ ಹದಿನೈದು ದಿನ ಬೆವರು ಸುರಿಸಿ ಸಿದ್ಧ ಮಾಡಿದ ನೆಂಟರ ಕೋಣೆಯನ್ನು ಒಂದೇ ಮಧ್ಯಾಹ್ನದಲ್ಲಿ ಕೆಡಿಸಿದ್ದು ನಾನು. ಕೆಡಿಸಿದ್ದು ಗೊತ್ತೇ ಆಗದೆ ಎದೆ ಉಬ್ಬಿಸಿಕೊಂಡು ಓಡಾಡಿದ್ದೂ ನಾನೇ.

ನಮ್ಮದು ಬೆಟ್ಟದಪುರದ ಹತ್ತಿರ ಒಂದು ಹಳ್ಳಿ. ಊರಿಗೆ ಊರೇ ಹೊಗೆಸೊಪ್ಪು ಬೆಳೆಯುತ್ತದೆ. ನಮ್ಮ ಮನೆಯ ಹಿಂದೆ ಸೊಪ್ಪು ಬೇಯಿಸುವ ಬ್ಯಾರನ್ ಇದೆ. ಎತ್ತರದ ಗೋಡೆಯ ಕೋಣೆ ಅದು. ಒಳಗೆ ಹಸಿ ಎಲೆ ನೇತುಹಾಕಿ ಹೊರಗಿನಿಂದ ಬೆಂಕಿ ಕೊಟ್ಟರೆ ಐದಾರು ದಿನದಲ್ಲಿ ಎಲೆ ಹಳದಿಗೆ ತಿರುಗಿ ಒಣಗುತ್ತದೆ. ಡಿಗ್ರಿ ಮುಗಿಸಿ ಮನೆಯಲ್ಲೇ ಇದ್ದ ನನಗೆ ಬೆಂಕಿ ನೋಡಿಕೊಳ್ಳುವ ಕೆಲಸ. ಬಿಡುವಿನಲ್ಲಿ ಊರವರ ದನಿ ಅನುಕರಣೆ ಮಾಡುವುದು. ಬಸ್ ಕಂಡಕ್ಟರ್, ಹಾಲಿನ ಡೈರಿಯವರು, ಜ್ವರ ಬಂದಾಗಿನ ನಮ್ಮಪ್ಪ, ಯಾರನ್ನೂ ಬಿಟ್ಟವನಲ್ಲ. ಪರೀಕ್ಷೆ ಫಲಿತಾಂಶ ನೋಡುವಾಗಿನ ನನ್ನನ್ನೂ ನಾನೇ ಮಾಡಿ ತೋರಿಸುತ್ತೇನೆ, ಅದಕ್ಕೆ ಚಪ್ಪಾಳೆ ಜಾಸ್ತಿ.

ಅಕ್ಕನನ್ನು ಕೊಟ್ಟಿರುವುದು ಚುಂಚನಕಟ್ಟೆ ಕಡೆಯ ಭತ್ತದ ಗದ್ದೆಯವರ ಮನೆಗೆ. ಅವಳ ಅತ್ತೆ ಗೌರಮ್ಮ ಮದುವೆ ಸಮಯದಲ್ಲಿ ನಮ್ಮನೆಯ ಪಕ್ಕದ ಕೋಣೆಯಲ್ಲಿ ಉಳಿದಿದ್ದರು. ಅದು ವರ್ಷವೆಲ್ಲ ಒಣ ಸೊಪ್ಪನ್ನು ಒತ್ತಿ ಕಟ್ಟಿದ ಬೇಲು ಇಡುತ್ತಿದ್ದ ಕೋಣೆ. ಪಾಪ, ತಲೆನೋವು ಬಂದು, ವಾಂತಿಯಾಗಿ, ಬೆಳಿಗ್ಗೆ ಉಪ್ಪಿಟ್ಟೂ ಮುಟ್ಟದೆ ಹೊರಟುಹೋದರು. ಆ ಶ್ರಾವಣಕ್ಕೆ ಅಕ್ಕನಿಗೆ ಏಳು ತಿಂಗಳು. ಮೊದಲ ಹೆರಿಗೆ, ತವರಿನಲ್ಲಿ ಆಗಬೇಕು. ಅಕ್ಕ ಫೋನಿನಲ್ಲಿ "ಅಮ್ಮ, ನನ್ನ ಕರ್ಕೊಂಡೋಗು" ಎಂದು ಅಳುತ್ತಿದ್ದಳು. ಗೌರಮ್ಮ ಮಾತ್ರ ಅಮ್ಮನಿಗೆ ಖಡಾಖಂಡಿತ ಹೇಳಿದ್ದರು. "ನಾನೇ ಬತ್ತೀನಿ. ಆ ರೂಮಲ್ಲಿ ಒಂದು ಮಧ್ಯಾಹ್ನ ಮಲಗ್ತೀನಿ. ತಲೆ ನೋಯ್ದೆ ಎದ್ದರೆ ಸೊಸೆನ ಕಳಿಸ್ತೀನಿ. ಇಲ್ಲ ಅಂದ್ರೆ ಬಾಣಂತನ ಇಲ್ಲೇ. ಎಳೆ ಕೂಸನ್ನ ಆ ಘಾಟಲ್ಲಿ ಮಲಗಿಸಾಕೆ ನಾನು ಬಿಡಾಕಿಲ್ಲ."

ಸಿಟ್ಟು ಮಾಡಿಕೊಳ್ಳುವ ಹಾಗೂ ಇರಲಿಲ್ಲ, ಅವರು ಹೇಳಿದ್ದರಲ್ಲಿ ತಪ್ಪೇನಿದೆ. ಬೇಲುಗಳೆಲ್ಲ ದೂರದ ಶೆಡ್ಡಿಗೆ ಹೋದವು. ನೆಲ ತಿಕ್ಕಿ ತೊಳೆದೆವು. ಗೋಡೆಗೆ ಎರಡು ಸಲ ಸುಣ್ಣ ಹೊಡೆದೆ. ಕಿಟಕಿ ದೊಡ್ಡದು ಮಾಡಿಸಿ ಸೊಳ್ಳೆ ಜಾಲರಿ ಹಾಕಿಸಿದ್ದಾಯಿತು. ಮಂಚದಲ್ಲಿ ಮಲಗಿದವರ ಕೈಗೆ ಸಿಗುವಂತೆ ಲೈಟಿನ ಸ್ವಿಚ್ಚು, ಸೀರೆ ನೇತುಹಾಕಲು ಗೂಟ, ನೀರಿನ ತಂಬಿಗೆಗೆ ಸ್ಟೂಲು. ಅಮ್ಮ ದಿನಾ ಎರಡು ಹೊತ್ತು ಸಾಂಬ್ರಾಣಿ ಹಾಕುತ್ತಿದ್ದಳು. ಪಿರಿಯಾಪಟ್ಟಣದಲ್ಲಿ ಹೊಸ ಹತ್ತಿ ಹಾಸಿಗೆ ಹೊಲಿಸಿದೆವು. ಅದು ಆಟೋದಲ್ಲಿ ಬರುವಾಗ ಮಳೆಗೆ ನೆನೆಯಿತು. ನಾಲ್ಕು ದಿನದಿಂದ ಬಿಸಿಲಿನ ಮುಖವಿಲ್ಲ.

"ಎಲ್ಲಿ ಒಣಗಿಸಲೋ ಇದನ್ನ" ಎಂದು ಅಮ್ಮ ತಲೆ ಮೇಲೆ ಕೈ ಹೊತ್ತಾಗ ನನ್ನ ಬುದ್ಧಿ ಓಡಿತು. ಆಗಷ್ಟೇ ಸೊಪ್ಪು ಇಳಿಸಿದ್ದ ಬ್ಯಾರನ್ ಇನ್ನೂ ಬೆಚ್ಚಗಿತ್ತು. ಯಾರಿಗೂ ಹೇಳದೆ ಹಾಸಿಗೆಯನ್ನು ಒಳಗೆ ಗಳದ ಮೇಲೆ ಹಾಕಿ ಬಾಗಿಲು ಮುಚ್ಚಿದೆ. ಸಂಜೆ ತೆಗೆದರೆ ಪೂರಿಯ ಹಾಗೆ ಉಬ್ಬಿತ್ತು. ಅಮ್ಮ ಮುಟ್ಟಿ ನೋಡಿ "ನನ್ನ ಮಗ ಕಣೋ ನೀನು" ಎಂದಳು. ಅಪ್ಪ ಮೂಸಿ ನೋಡಿ "ಘಮ್ ಅಂತೈತೆ ಬುಡು, ಹೊಸ ಹತ್ತಿ" ಎಂದರು. ಎಲ್ಲಿ ಒಣಗಿಸಿದೆ ಎಂದು ಇಬ್ಬರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾನೂ ಮೂಸಿದೆ. ಏನೂ ಇಲ್ಲ. ಹುಟ್ಟಿದಾಗಿನಿಂದ ಆ ಗಾಳಿಯನ್ನೇ ಕುಡಿದ ಮೂಗುಗಳು ನಮ್ಮವು.

ಭಾನುವಾರ ಮುತ್ತಮ್ಮ ಬಂದಳು. ಕಾಡಂಚಿನ ಹಾಡಿಯವಳು, ನಮ್ಮಮ್ಮನ ವಯಸ್ಸು. ಪ್ರತಿ ವರ್ಷ ಬ್ಯಾರನ್ನಿಗೆ ಏರಿಸುವ ಕಡ್ಡಿಗೆ ಎಲೆ ಕಟ್ಟಲು ನಮ್ಮಲ್ಲಿಗೆ ಬರುತ್ತಾಳೆ. ಆ ಸಲ ನಾಲ್ಕು ತಿಂಗಳು ಕೊಡಗಿನ ಕಾಫಿ ತೋಟದಲ್ಲಿದ್ದು ಆವತ್ತೇ ಬಂದಿದ್ದಳು, ಇನ್ನೂ ಎಲೆ ಮುಟ್ಟಿರಲಿಲ್ಲ. ಅಮ್ಮ ಹೆಮ್ಮೆಯಿಂದ ಕೋಣೆ ತೋರಿಸಿದಳು. ಮುತ್ತಮ್ಮ ಹೊಸಿಲಲ್ಲೇ ನಿಂತಳು.

"ಅವ್ವ, ಇಲ್ಲಿ ಯಾರು ಮಲಗೋರು?"

"ಬೀಗಿತ್ತಿ. ಯಾಕೆ?"

"ಸೊಪ್ಪಿನ ಮೇಲೆ ಮಲಗಾಕೆ ಒಪ್ಪವ್ರಾ ಅವ್ರು?"

ನನಗೆ ನಗು ತಡೆಯಲಾಗಲಿಲ್ಲ. ಅವಳ ಹಾಗೇ ಕತ್ತು ಓರೆ ಮಾಡಿ, ಮೂಗು ಮೇಲೆತ್ತಿ, ಅವಳದೇ ದನಿಯಲ್ಲಿ ಆ ಮಾತು ಹೇಳಿ ತೋರಿಸಿದೆ. ಮುತ್ತಮ್ಮ ಪೂರ್ತಿ ನೋಡಿದಳು.

"ಚೆಂದಾಗಿ ಮಾಡ್ತೀಯ ಕಣಪ್ಪ. ಮೂಗು ಎತ್ತಾದು ಬಂತು. ಅದ್ರಾಗೆ ಗಾಳಿ ಎಳ್ಕಳಾದು ಯಾವಾಗ ಕಲೀತೀಯ?"

ಆಮೇಲೆ ಒಂದೊಂದೇ ಸಾಮಾನು ಜಗುಲಿಗೆ ತರಿಸಿದಳು. ಕಿಟಕಿಯ ಪರದೆ ಮೂಸಿ, ಬೇಡವೆಂದು ಪಕ್ಕಕ್ಕಿಟ್ಟಳು. ಪ್ಲಾಸ್ಟಿಕ್ ಕವರಿನಲ್ಲಿದ್ದ ದಿಂಬು, ಹೊದಿಕೆ ಎರಡೂ ಪಾಸಾದವು. ಹಾಸಿಗೆಗೆ ಬಗ್ಗಲೂ ಇಲ್ಲ. "ಇದು ಬ್ಯಾರನ್ ಹೊಕ್ಕಿ ಬಂದೈತೆ" ಎಂದಳು.

ಅಮ್ಮ ನನ್ನ ಕಡೆ ತಿರುಗಿದಳು. "ಏನ್ಲಾ ಮಾಡ್ದೆ?"

ಹೇಳಿದೆ. ಅಮ್ಮ ಗೋಡೆಗೊರಗಿ ಕುಳಿತುಬಿಟ್ಟಳು. ಅಪ್ಪ ಮಾತ್ರ ಹಾಸಿಗೆಯ ಅಂಚು ಹಿಡಿದೆತ್ತಿ ನೋಡಿ, "ಬಣ್ಣ ಬಂದಿಲ್ಲ ಕಣೋ. ಇನ್ನೆರಡು ದಿನ ಬುಟ್ಟಿದ್ರೆ ಸೊಪ್ಪಿನ ಜೊತೆ ಹರಾಜಿಗೆ ಹಾಕ್ಬೋದಿತ್ತು" ಎಂದರು. ಅಮ್ಮ ನಗಲಿಲ್ಲ. "ನಾಳಿದ್ದು ಬತ್ತಾರೆ ಕಣ್ರೀ. ಮಗಳು ಅಲ್ಲಿ ದಾರಿ ನೋಡ್ತಾ ಕೂತವ್ಳೆ."

ಮುತ್ತಮ್ಮ ಖಾಲಿ ಕೋಣೆಗೆ ಹೋಗಿ ಕಿಟಕಿ ಮುಚ್ಚಿದಳು. ನಮಗೆ ಹೊರಗಿರಲು ಹೇಳಿ ಕಣ್ಣು ಮುಚ್ಚಿ ನಡುವೆ ನಿಂತಳು. ನಾನು ಬಾಗಿಲಿನಿಂದ ನೋಡುತ್ತಿದ್ದೆ, ಆಮೇಲೆ ಮಾಡಿ ತೋರಿಸಲು ಏನಾದರೂ ಸಿಗುತ್ತದೆ ಎಂದು. ಏನೂ ಸಿಗಲಿಲ್ಲ. ಅವಳು ಕೈ ಆಡಿಸಲಿಲ್ಲ, ಸೊಂಯ್ ಎಂದು ಮೂಸಲಿಲ್ಲ. ಸುಮ್ಮನೆ ನಿಂತಿದ್ದಳು, ಅಷ್ಟೆ. ಅಷ್ಟೊಂದು ಸುಮ್ಮನೆ ನಿಂತ ಮನುಷ್ಯರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗೋಡೆಯ ಪಕ್ಕ ಮೆಲ್ಲಗೆ ನಡೆದು, ಮೂಲೆಯಲ್ಲಿ ನಿಂತು, ಹಿಂದೆ ಬಂದು, ಮತ್ತೆ ಅದೇ ಮೂಲೆಗೆ ಹೋದಳು. ಕಣ್ಣು ಬಿಟ್ಟು ಮೇಲೆ ತೊಲೆ ಗೋಡೆ ಸೇರುವ ಜಾಗಕ್ಕೆ ಬೆರಳು ತೋರಿಸಿದಳು.

"ಇನ್ನೊಂದು ಅಲ್ಲೈತೆ. ಹಳೇದು."

ಅಲ್ಲಿ ಸುಣ್ಣ ಹೊಡೆದವನು ನಾನು. ಬರೀ ಗೋಡೆ. ಏಣಿ ಹತ್ತಿ ಕಬ್ಬಿಣದ ಸಲಾಕೆಯಿಂದ ತಿವಿದೆ. ಮಣ್ಣಿನ ಹೆಂಟೆ ಕಳಚಿತು. ಹಿಂದೆ ಮುಷ್ಟಿ ಹೋಗುವಷ್ಟು ತೂತು. ಕೈ ಹಾಕಿದರೆ ಒಂದು ಹೊಗೆಸೊಪ್ಪಿನ ಕಂತೆ ಬಂತು, ಕಪ್ಪಾಗಿ, ಮುಟ್ಟಿದಲ್ಲಿ ಪುಡಿಯಾಗುತ್ತಾ.

ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನಮ್ಮಪ್ಪ ಹಾಕ್ತಿದ್ದ ಗಂಟು ಇದು. ಮೂರು ಸುತ್ತು ಸುತ್ತಿ ಒಳಗಿಂದ ಎಳೀತಿದ್ದ. ಇಲಿ ಬತ್ತವೆ ಅಂತ ತೂತಿಗೆ ತುರುಕಿ ಮಣ್ಣು ಮೆತ್ತಿದ್ದ. ಆಗ ನಾನು ಇವನಷ್ಟಿದ್ದೆ."

ನಾನು ಹುಟ್ಟುವ ಮೊದಲೇ ಹೋದ ಅಜ್ಜ ಗೋಡೆಯೊಳಗೆ ಮುಚ್ಚಿದ್ದು, ಅದರ ಮೇಲೆ ಎಷ್ಟು ವರ್ಷದ ಸುಣ್ಣ ಕೂತಿತ್ತೋ. ಅದನ್ನು ಈ ಹೆಂಗಸು ಕಣ್ಣು ಮುಚ್ಚಿ ತೋರಿಸಿದ್ದಳು. ಏಣಿ ಇಳಿದವನೇ ಕೇಳಿದೆ.

"ಹೆಂಗೆ ಗೊತ್ತಾಯ್ತು ಮುತ್ತಮ್ಮ?"

"ಕಾಡಾಗೆ ಆನೆ ಐತೆ ಅಂತ ಕಣ್ಣು ಹೇಳಾಗಂಟ ಕಾದ್ರೆ ನಾನು ಇಲ್ಲಿಗೆ ಬತ್ತಿರಲಿಲ್ಲ ಕಣಪ್ಪ" ಎಂದಳು, ಸೀದಾ ಸಾದಾ. ಆಮೇಲೆ ನನ್ನನ್ನು ಕೆಲಸಕ್ಕೆ ಹಚ್ಚಿದಳು. ತೂತಿಗೆ ಹೊಸ ಮಣ್ಣು, ಸುಣ್ಣ. ಊರಿನ ಯಾವ ಮನೆಯ ಹಾಸಿಗೆಯೂ ಬೇಡ, ಎಲ್ಲ ಸೊಪ್ಪಿನ ಮನೆಗಳೇ. ಪೇಟೆಯಿಂದ ಹೊಸದೇ ಬರಬೇಕು. ಸೊಪ್ಪಿನ ಅಂಟು ಹಿಡಿದ ನನ್ನ ಕೈ ಹುಣಸೆಹಣ್ಣಿನಲ್ಲಿ ತೊಳೆಯಬೇಕು, ಬ್ಯಾರನ್ ಕಾಣದ ಬಟ್ಟೆ ಹಾಕಿಕೊಂಡು ಹೋಗಬೇಕು. ಅಂಥ ಬಟ್ಟೆ ನನ್ನ ಹತ್ತಿರ ಇದ್ದದ್ದು ಅಕ್ಕನ ಮದುವೆಯ ರೇಷ್ಮೆ ಪಂಚೆ, ಶಲ್ಯ ಮಾತ್ರ. ಸೋಮವಾರ ಬೆಳಿಗ್ಗೆ ಅದನ್ನೇ ಉಟ್ಟು ಪಕ್ಕದ ಮನೆಯ ಗೂಡ್ಸ್ ಆಟೋದಲ್ಲಿ ಟಿಬೆಟಿಯನ್ ಕ್ಯಾಂಪಿನ ಪಕ್ಕದ ಕೊಪ್ಪಕ್ಕೆ ಹೋದೆ. ಅಂಗಡಿಯವನು ನನ್ನನ್ನೂ ಹಾಸಿಗೆಯನ್ನೂ ನೋಡಿ "ಮದುವೆ ಇವತ್ತೇನಾ?" ಎಂದ. ಟಿಬೆಟಿಯನ್ ಅಜ್ಜಿಯೊಬ್ಬರು ಜಪಸರ ತಿರುಗಿಸುತ್ತಲೇ ನಕ್ಕರು. ಹಾಸಿಗೆಗೆ ಟಾರ್ಪಾಲು ಹೊದಿಸಿ, ನಾನು ನೆನೆಯುತ್ತಾ ಊರಿಗೆ ತಂದೆ.

ಮಂಗಳವಾರ ಗೌರಮ್ಮ ಕಾರಿನಲ್ಲಿ ಬಂದರು. ಹಣೆ ತುಂಬ ವಿಭೂತಿ, ಕೈಯಲ್ಲೊಂದು ನಿಂಬೆಹಣ್ಣು, ಅದು ಮೂಗಿಗೇ ಅಂಟಿಕೊಂಡಂತಿತ್ತು. ಮಾತಾಡುವಾಗಲೂ ಇಳಿಸಲಿಲ್ಲ. ಊಟ ಮಾಡಿ, ಕೋಣೆಯನ್ನು ಸುತ್ತ ನೋಡಿ, ಬಾಗಿಲು ಹಾಕಿಕೊಂಡು ಮಲಗಿದರು. ಅಪ್ಪ ಆವತ್ತು ಸೊಪ್ಪಿನ ಕೆಲಸವನ್ನೇ ನಿಲ್ಲಿಸಿದ್ದರು. ಅಮ್ಮ ಜಗುಲಿಯಲ್ಲಿ ಕೂತು ಹೂಬತ್ತಿ ಹೊಸೆದಳು, ತಟ್ಟೆ ತುಂಬಿ ಚೆಲ್ಲಿದರೂ ಹೊಸೆದಳು. ಅಕ್ಕನ ಫೋನು ಎರಡು ಸಲ ಬಂತು, ಯಾರೂ ಎತ್ತಲಿಲ್ಲ. ಎರಡು ಗಂಟೆ ಕಳೆದ ಮೇಲೆ ಬಾಗಿಲು ತೆರೆಯಿತು.

ಬಾಗಿಲು ತೆಗೆದ ಗೌರಮ್ಮ ಹಿಂದಕ್ಕೆ ಹೋಗಿ ಮಂಚದ ಮೇಲೆ ಕೂತು ಕಣ್ಣುಜ್ಜಿಕೊಂಡರು. "ತಲೆನೋವೇನೋ ಇಲ್ಲ. ಆದ್ರೂ ಒಂಚೂರು ಘಾಟು ಇದ್ದಂಗೇ ಐತೆ. ಯೋಚನೆ ಮಾಡಿ ಹೇಳ್ತೀನಿ." ಅಮ್ಮನ ಕೈ ಬತ್ತಿಯ ಮೇಲೆ ಹಾಗೇ ನಿಂತಿತು.

ಅಕ್ಕನ ಮಗಳಿಗೆ ಈಗ ಒಂದೂಮುಕ್ಕಾಲು ವರ್ಷ. ಹುಟ್ಟಿದ ಮೂರನೇ ದಿನ ಅವಳು ಬಂದು ಮಲಗಿದ್ದು ಆ ಕೋಣೆಯಲ್ಲೇ. ಊರವರನ್ನೆಲ್ಲ ಈಗಲೂ ಮಾಡಿ ತೋರಿಸುತ್ತೇನೆ, ಮುತ್ತಮ್ಮನನ್ನು ಮಾತ್ರ ಮಾಡಲು ಹೋಗಿಲ್ಲ. ಒಬ್ಬನೇ ಇದ್ದಾಗ ಆ ಕೋಣೆಯ ನಡುವೆ ಅವಳಂತೆ ನಿಲ್ಲಲು ನೋಡಿದ್ದೇನೆ. ಎರಡು ನಿಮಿಷಕ್ಕೇ ಕಾಲು ಕೆರೆಯುತ್ತದೆ.

ಆ ಮಂಗಳವಾರ, ಗೌರಮ್ಮ ಯೋಚನೆ ಮಾಡಿ ಹೇಳ್ತೀನಿ ಎಂದಾಗ, ಕಾಫಿ ಲೋಟ ಹಿಡಿದು ಬಾಗಿಲಲ್ಲಿದ್ದ ಮುತ್ತಮ್ಮ ಬಗ್ಗಿ ಮಂಚದ ಕೆಳಗೆ ಗೋಡೆಯ ಮೂಲೆಯವರೆಗೂ ನೋಡಿದಳು. ಮತ್ತೆ ನೆಟ್ಟಗಾಗಿ, ಗೌರಮ್ಮನ ಕೈಗೆ ಲೋಟ ಕೊಡುತ್ತಾ ಕೇಳಿದಳು:

"ಘಾಟು ಇದ್ದಿದ್ರೆ, ಅವ್ವ, ನಿಮ್ಮ ನಿಂಬೆಹಣ್ಣು ಅಷ್ಟು ದೂರ ಉರುಳೋಗಾಗಂಟ ಸುಮ್ನೆ ನಿದ್ದೆ ಮಾಡ್ತಿದ್ರಾ?"